ಎರಡನೇ ಉತ್ತರ

ಅಲ್ ಮುರಕ್ಕಬಾತ್, ದುಬೈ
19 ಜನವರಿ 2025

ಜೋಯ್ಲಿನ್,

ನಾನು ಹಿತಾ. ಮೈಸೂರಿನ ಹಾಸ್ಟೆಲಿನಲ್ಲಿ ನಿನ್ನ ಪಕ್ಕದ ಮಂಚದವಳು, ಮನಃಶಾಸ್ತ್ರದ ಎಂ.ಎ. ಮುಗಿಯುವ ಮೊದಲೇ ನಿನ್ನ ಜೊತೆ ಮಾತು ಬಿಟ್ಟವಳು. ನೀನು ಅಬುಧಾಬಿಯಲ್ಲಿ ಮಕ್ಕಳ ಮನಃಶಾಸ್ತ್ರಜ್ಞೆಯಾಗಿದ್ದೀಯ ಎಂದು ವರ್ಷಗಳಿಂದ ಗೊತ್ತು. ಫೋನ್ ಮಾಡಬೇಕೆಂದು ಒಂದು ದಿನವೂ ಅನ್ನಿಸಿರಲಿಲ್ಲ. ಈಗ ಬೇರೆ ದಾರಿಯಿಲ್ಲ, ಬರೆಯುತ್ತಿದ್ದೇನೆ.

ವಾಟ್ಸಾಪಿನಲ್ಲಿ ಬರೆಯುವುದಿಲ್ಲ. ಅಲ್ಲಿ ಹಾಕಿದ್ದು ಯಾರ ಯಾರ ಫೋನಿಗೆ ಹೋಗಿ ಕೂರುತ್ತದೋ ಗೊತ್ತಿಲ್ಲ. ಮೇಲಾಗಿ ನಿನಗೆ ಇನ್ನೊಬ್ಬರ ಮನಸ್ಸನ್ನು ನಾಲ್ಕು ಜನರ ಮುಂದೆ ಓದಿ ಹೇಳುವ ಅಭ್ಯಾಸ ಇದೆ. ನನ್ನ ಗಂಡ ರಘುನಂದನ ಪ್ರತಿ ಸೋಮವಾರ ನಿನ್ನ ಕ್ಲಿನಿಕ್ಕಿರುವ ಎಲೆಕ್ಟ್ರಾ ಸ್ಟ್ರೀಟಿನ ಆಫೀಸುಗಳಿಗೆ ಪ್ರಿಂಟರ್ ರಿಪೇರಿಗೆ ಬರುತ್ತಾನೆ. ಅವನ ಕೈಲಿ ಕಳಿಸುತ್ತಿದ್ದೇನೆ. ಲಕೋಟೆ ಅಂಟಿಸಿ, ಅಂಟಿನ ಮೇಲೆ ಸಹಿ ಹಾಕಿದ್ದೇನೆ. ಸಹಿ ಹರಿದಿದ್ದರೆ ಹೇಳು.

ವಿಷಯ ಇಷ್ಟು. ನಮ್ಮ ಮಗ ಅಮೋಘ ಒಂದನೇ ಕ್ಲಾಸಿನಲ್ಲಿದ್ದಾನೆ. ಅವನ ಕ್ಲಾಸಿನಲ್ಲಿ ಡೆಲ್ಫಿನ್ ಎಂಬ ಹುಡುಗಿ ಟೀಚರಿಗೆ ಸಹಾಯಕಿ. ಮಕ್ಕಳನ್ನು ಬಸ್ಸಿನಿಂದ ಇಳಿಸುವುದು, ಬಾತ್‌ರೂಮಿಗೆ ಕರೆದುಕೊಂಡು ಹೋಗುವುದು ಅವಳ ಕೆಲಸ. ಚಳಿಗಾಲದ ರಜೆ ಮುಗಿದು ಶಾಲೆ ತೆರೆದ ವಾರ ಅಮೋಘನ ತೋಳಿನ ಮೇಲೆ ಕೆಂಪು ಗುರುತು ನೋಡಿದೆ. ಚಿವುಟಿದ ಹಾಗೆ ಇತ್ತು. "ಡೆಲ್ಫಿನ್ ಆಂಟಿ ಚಿವುಟಿದ್ರಾ?" ಎಂದು ಕೇಳಿದೆ. "ನೋ" ಅಂದ. ಮಕ್ಕಳು ಹೆದರಿಕೊಂಡರೆ ಹಾಗೇ ಹೇಳುವುದು. "ಅಮೋಘಾ, ನನ್ನ ಮುಖ ನೋಡು. ನಿಜ ಹೇಳು, ಚಿವುಟಿದ್ರಾ?" ಎಂದೆ. "ಯೆಸ್" ಅಂದ. ಮರುದಿನವೇ ಪ್ರಿನ್ಸಿಪಾಲರಿಗೆ ದೂರು ಕೊಟ್ಟೆ. ಬಸ್ಸಿನ ಬೆಲ್ಟ್ ಒತ್ತಿರಬಹುದು ಕಣೇ ಎಂದು ರಘು ರಾಗ ಎಳೆದ. ಅವನಿಗೆ ಎಲ್ಲದಕ್ಕೂ ಬೆಲ್ಟೇ ಕಾರಣ. ಡೆಲ್ಫಿನ್‌ಳನ್ನು ವಿಚಾರಣೆ ಮುಗಿಯುವವರೆಗೆ ಮನೆಯಲ್ಲಿರಲು ಹೇಳಿದ್ದಾರೆ.

ಅದಾದ ಮುಂದಿನ ವಾರವೇ ಶಾಲೆಯವರು ಅಮೋಘನನ್ನು ತಮ್ಮ ಮನಃಶಾಸ್ತ್ರಜ್ಞೆಯ ಮುಂದೆ ಕೂರಿಸಿ ಪರೀಕ್ಷೆ ಮಾಡಿಸಿದ್ದಾರೆ. ವರದಿ ಬಂದಿದೆ. "ಉತ್ತರಗಳಲ್ಲಿ ಸ್ಥಿರತೆಯಿಲ್ಲ, ಗ್ರಹಿಕೆ ವಯಸ್ಸಿಗೆ ತಕ್ಕಂತಿಲ್ಲ, ಸಾಮಾನ್ಯ ತರಗತಿಯಲ್ಲಿ ಮುಂದುವರಿಸುವುದು ಕಷ್ಟ." ಏಪ್ರಿಲಿಗೆ ಬೇರೆ ಶಾಲೆ ನೋಡಿಕೊಳ್ಳಿ ಎಂಬುದನ್ನು ಇಷ್ಟು ನಯವಾಗಿ ಬರೆದಿದ್ದಾರೆ.

ದೂರು ಕೊಟ್ಟ ಮರುವಾರ ಪರೀಕ್ಷೆ. ಇದು ಕಾಕತಾಳೀಯ ಎಂದು ನೀನು ಹೇಳಿದರೆ ನಾನು ನಂಬುವುದಿಲ್ಲ. ವರದಿಯ ಪ್ರತಿ ಇಟ್ಟಿದ್ದೇನೆ. ಓದಿ, ಇದು ಸುಳ್ಳು ಎಂದು ಬರೆದುಕೊಡು. ಅಷ್ಟೇ ಸಾಕು. ಹಳೇ ಸ್ನೇಹ ಅದೂ ಇದೂ ಬೇಡ.

ಹಿತಾ


ಎಲೆಕ್ಟ್ರಾ ಸ್ಟ್ರೀಟ್, ಅಬುಧಾಬಿ
27 ಜನವರಿ 2025

ಹಿತಾ ಮಾರಾಯ್ತಿ,

ಸಹಿ ಹರಿದಿರಲಿಲ್ಲ. ನಿನ್ನ ಗಂಡ ಲಕೋಟೆಯನ್ನು ಪ್ರಸಾದದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದಿದ್ದ ಪಾಪ. ಒಂದು ವಾರ ತಡೆದು ಬರೆಯುತ್ತಿದ್ದೇನೆ, ಯಾಕೆಂದರೆ ವರದಿಯನ್ನು ಮತ್ತೆ ಮತ್ತೆ ಓದಿದೆ.

ಓದಿ ಹೇಳುವುದಾದರೆ, ಇದು ಸುಳ್ಳು ಎಂದು ನಾನು ಬರೆದುಕೊಡಲಾರೆ. ನಿಜ ಎಂದೂ ಬರೆಯಲಾರೆ. ನಾನು ನಿನ್ನ ಮಗನನ್ನು ನೋಡಿಲ್ಲ. ನಿನ್ನ ಪರಿಚಯ ಇರುವುದರಿಂದ ನಾನು ಅವನನ್ನು ಪರೀಕ್ಷೆ ಮಾಡುವುದೂ ಸರಿಯಲ್ಲ. ಆದರೆ ಆ ಪರೀಕ್ಷೆ ಹೇಗೆ ನಡೆಯಿತು ಎಂದು ತಿಳಿದರೆ ಏನಾದರೂ ಹೇಳಬಹುದು.

ನಮ್ಮ ಶಾಸ್ತ್ರದ ಕತೆ ನಿನಗೆ ನೆನಪಿರಬಹುದು. ಮನಸ್ಸನ್ನು ಪ್ರಯೋಗಶಾಲೆಗೆ ತಂದು ಇನ್ನೂ ನೂರೈವತ್ತು ವರ್ಷ ತುಂಬಿಲ್ಲ. ಮೊದಲು ಜರ್ಮನಿಯವರು ಒಬ್ಬನನ್ನು ಕೂರಿಸಿ, ಒಂದು ಸದ್ದು ಕೇಳಿಸಿ, "ಈಗ ನಿನ್ನೊಳಗೆ ಏನಾಯಿತು ಹೇಳು" ಎಂದು ಕೇಳಿದರು. ಚೆನ್ನಾಗಿ ತರಬೇತಿಯಾದ ದೊಡ್ಡವರನ್ನೇ ಕೇಳಿದ್ದು. ಆದರೂ ಒಂದು ಊರಿನ ಪ್ರಯೋಗಶಾಲೆಯವರಿಗೆ ತಲೆಯೊಳಗೆ ಬರೀ ಚಿತ್ರಗಳು ಕಂಡವು. ಇನ್ನೊಂದು ಊರಿನವರಿಗೆ ಚಿತ್ರವೇ ಇಲ್ಲದ ಯೋಚನೆಗಳು ಕಂಡವು. ಆಯಾ ಊರಿನ ಮೇಷ್ಟ್ರ ಪುಸ್ತಕದಲ್ಲಿ ಏನಿತ್ತೋ ಅದೇ ಶಿಷ್ಯರ ತಲೆಯಲ್ಲಿ ಸಿಕ್ಕಿತು! ಈ ಜಗಳ ಬಗೆಹರಿಯದೆ ಅಮೆರಿಕದವರು ರೇಗಿ, ಇನ್ನು ಯಾರನ್ನೂ ಏನೂ ಕೇಳುವುದೇ ಬೇಡ, ಏನು ಮಾಡುತ್ತಾರೋ ನೋಡಿದರೆ ಸಾಕು ಎಂದರು. ಹಾಗೆ ಎಷ್ಟೋ ವರ್ಷ ಇಲಿ, ಪಾರಿವಾಳ ನೋಡಿಕೊಂಡು ಕೂತರು.

ಇದೆಲ್ಲ ಯಾಕೆ ಹೇಳಿದೆ ಅಂದರೆ, ಕೇಳುವುದೂ ಸುಲಭವಲ್ಲ, ನೋಡುವುದೂ ಸುಲಭವಲ್ಲ. ಪರೀಕ್ಷೆ ನಡೆಯುವಾಗ ನೀನು ಅಲ್ಲಿದ್ದೆಯಾ? ಇದ್ದರೆ ನೋಡಿದ್ದನ್ನು ಬರೆ. ಅಂದುಕೊಂಡದ್ದನ್ನು ಬರೆಯಬೇಡ.

ಅಕ್ಕರೆಯಿಂದ,
ಜೋಯ್ಲಿನ್


ಅಲ್ ಮುರಕ್ಕಬಾತ್
2 ಫೆಬ್ರವರಿ 2025

ಜೋಯ್ಲಿನ್,

ನಿನ್ನ ಕಾಗದ ತಂದಾಗ ರಘುವಿನ ಅಂಗಿಯ ಮೇಲೆ ಚಹಾದ ಕಲೆ ಇತ್ತು. ನಿನ್ನ ಕ್ಲಿನಿಕ್ಕಿನಲ್ಲಿ ಕೂರಿಸಿ ಚಹಾ ಕೊಟ್ಟೆಯಂತೆ. ಏನು ಮಾತಾಡಿದಿರಿ ಎಂದರೆ "ಸುಮ್ನೆ ಟ್ರಾಫಿಕ್ ವಿಷ್ಯ" ಅಂದ. ಮತ್ತೆ ಕೇಳಿದಾಗ "ಅಮೋಘನ ವಿಷ್ಯಾನೂ ಬಂತು" ಅಂದ. ನೋಡಿದೆಯಾ? ನನ್ನ ಬಗ್ಗೆ ಏನು ತಿಳಿಯಬೇಕಿದ್ದರೂ ನನ್ನನ್ನೇ ಕೇಳು. ಗಂಡನಿಗೆ ಚಹಾ ಕುಡಿಸಿ ತಿಳಿದುಕೊಳ್ಳಬೇಡ.

ನಾನು ಉತ್ತರ ಕೇಳಿದೆ, ನೀನು ಇತಿಹಾಸ ಬರೆದೆ. ಕೈ ತೊಳೆದುಕೊಳ್ಳುವವರು ಹೀಗೇ ಮಾಡುವುದು. ಇನ್ನೊಂದು ಅನುಮಾನವನ್ನೂ ಹೇಳಿಬಿಡುತ್ತೇನೆ. ಡೆಲ್ಫಿನ್ ಕಿನ್ನಿಗೋಳಿಯವಳಂತೆ. ನಿಮ್ಮೂರ ಕಡೆಯವಳೇ ಆಯಿತಲ್ಲ. ನಿಮ್ಮವರೆಲ್ಲ ಭಾನುವಾರ ಒಂದಲ್ಲ ಒಂದು ಚರ್ಚಿನಲ್ಲಿ ಸಿಗುತ್ತೀರಿ. ಅವಳ ಪರಿಚಯ ನಿನಗಿದ್ದರೆ ಈಗಲೇ ಹೇಳು, ನಾನು ಇಲ್ಲಿಗೇ ನಿಲ್ಲಿಸುತ್ತೇನೆ.

ನೋಡಿದ್ದನ್ನು ಬರೆ ಎಂದೆಯಲ್ಲ, ಬರೆಯುತ್ತೇನೆ. ಆಚೆಯಿಂದ ಕಾಣುವ, ಒಳಗಿನವರಿಗೆ ಕಾಣದ ಗಾಜು ಇರುತ್ತದಲ್ಲ, ಅದರ ಹಿಂದೆ ನನ್ನನ್ನು ಕೂರಿಸಿದ್ದರು. ಪರೀಕ್ಷೆ ಮಾಡಿದ ಹೆಂಗಸು ಒಳ್ಳೆಯ ಸೀರೆ ಉಟ್ಟಿದ್ದಳು, ನಗುನಗುತ್ತ ಮಾತಾಡಿಸಿದಳು. ನಗುನಗುತ್ತಲೇ ಕುತ್ತಿಗೆ ಕೊಯ್ದಳು. ಸರಿ, ಅದು ಅಂದುಕೊಂಡದ್ದು, ಬಿಡು.

ಒಂದೇ ಥರದ ಎರಡು ಲೋಟಗಳಲ್ಲಿ ಸಮಸಮ ನೀರು ಹಾಕಿ, ಯಾವುದರಲ್ಲಿ ಜಾಸ್ತಿ ಇದೆ ಎಂದು ಕೇಳಿದಳು. ಅಮೋಘ "ಸೇಮ್" ಅಂದ. ಒಂದು ಲೋಟದ ನೀರನ್ನು ಉದ್ದನೆಯ ತೆಳು ಲೋಟಕ್ಕೆ ಸುರಿದು ಮತ್ತೆ ಅದೇ ಪ್ರಶ್ನೆ. ಇವನು ಅವಳ ಮುಖ ನೋಡಿದ. ಉದ್ದನೆಯದನ್ನು ತೋರಿಸಿ "ದಿಸ್ ಒನ್" ಅಂದ. ಆಮೇಲೆ ಅಂಗಿಯ ಗುಂಡಿಗಳ ಎರಡು ಸಾಲು ಇಟ್ಟು ಕೇಳಿದಳು, "ಸೇಮ್" ಅಂದ. ಒಂದು ಸಾಲನ್ನು ಎಳೆದು ಅಗಲ ಮಾಡಿ ಕೇಳಿದಳು, ಉತ್ತರ ಬದಲಾಯಿಸಿದ. ಇದು ಸಣ್ಣ ಮಕ್ಕಳಲ್ಲಿ ಇರುವುದೇ ಎಂದು ನನಗೂ ಗೊತ್ತು, ಎಂ.ಎ. ಓದಿದ್ದೇನೆ. ಆದರೆ ಒಂದು ಚಿತ್ರ ತೋರಿಸಿ ಎಷ್ಟು ಹಕ್ಕಿ ಇದೆ ಎಂದಾಗ ಸರಿಯಾಗಿ ಎಣಿಸಿ "ಫೈವ್" ಅಂದವನು, "ಆರ್ ಯೂ ಶೂರ್? ಹೌ ಮೆನಿ?" ಎಂದು ಅವಳು ಕೇಳಿದ ಕೂಡಲೇ "ಫೋರ್" ಅಂದ. ನಾಯಿಯ ಚಿತ್ರಕ್ಕೆ ನಾಯಿ ಅಂದವನು ಎರಡನೇ ಸಲಕ್ಕೆ ನರಿ ಅಂದ. ನಾನು ಗಾಜಿಗೆ ಹಣೆ ಒತ್ತಿಕೊಂಡು ಕೂತಿದ್ದೆ. ನನ್ನ ಮಗ ದಡ್ಡನಲ್ಲ, ಜೋಯ್ಲಿನ್. ಮನೆಯಲ್ಲಿ ಲಿಫ್ಟಿನ ನಂಬರುಗಳನ್ನೆಲ್ಲ ಕೂಡಿ ಹೇಳುತ್ತಾನೆ. ಅವಳು ಏನೋ ಮಾಡಿದ್ದಾಳೆ, ಏನೆಂದು ನನಗೆ ಗೊತ್ತಾಗುತ್ತಿಲ್ಲ.

ಡೆಲ್ಫಿನ್‌ಳ ವಿಚಾರಣೆ ಮಾರ್ಚಿನಲ್ಲಿ ಮುಗಿಯುತ್ತದಂತೆ. ವೀಸಾ ಶಾಲೆಯದು. ತಪ್ಪೆಂದು ತೀರ್ಮಾನವಾದರೆ ಊರಿಗೆ. ಮಕ್ಕಳ ಮೇಲೆ ಕೈ ಮಾಡಿದವರಿಗೆ ಇಲ್ಲಿ ಇನ್ನೆಲ್ಲೂ ಕೆಲಸ ಸಿಗುವುದಿಲ್ಲ. ಸಿಗಲೂಬಾರದು.

ಹಿತಾ


ಎಲೆಕ್ಟ್ರಾ ಸ್ಟ್ರೀಟ್
10 ಫೆಬ್ರವರಿ 2025

ಹಿತಾ,

ಡೆಲ್ಫಿನ್ ಯಾರೆಂದು ನನಗೆ ಗೊತ್ತಿಲ್ಲ. ಕಿನ್ನಿಗೋಳಿಗೆ ನಾನು ಹೋದದ್ದೂ ಒಂದು ಮದುವೆಗೆ ಮಾತ್ರ. ನಿನ್ನ ಗಂಡನಿಗೆ ಇನ್ನು ಮೇಲೆ ಬಾಗಿಲಲ್ಲೇ ನೀರು ಕೊಟ್ಟು ಕಳಿಸುತ್ತೇನೆ, ಆಯಿತಾ?

ನೀನು ಬರೆದದ್ದು ಚೆನ್ನಾಗಿದೆ. ಓದುತ್ತಾ ಹೋದಾಗ ನನಗೆ ಬರ್ಲಿನ್ನಿನ ಆ ಕುದುರೆ ನೆನಪಾಯಿತು. ಕಳೆದ ಶತಮಾನದ ಆರಂಭದ ಕತೆ. ಕುದುರೆಗೆ ಲೆಕ್ಕ ಕೇಳಿದರೆ ಗೊರಸು ಕುಟ್ಟಿ ಸರಿಯಾದ ಉತ್ತರ ಕೊಡುತ್ತಿತ್ತು. ಮಾಲೀಕ ಮೋಸಗಾರನಲ್ಲ, ನಿಜವಾಗಿಯೂ ಕಲಿಸಿದ್ದೇನೆ ಎಂದೇ ನಂಬಿದ್ದ. ದೊಡ್ಡ ದೊಡ್ಡವರು ಬಂದು ನೋಡಿ, ಇದರಲ್ಲಿ ಕೈಚಳಕ ಏನೂ ಇಲ್ಲ ಎಂದು ಸಹಿ ಹಾಕಿಕೊಟ್ಟರು. ಕೊನೆಗೆ ಒಬ್ಬ ಒಂದು ಸಣ್ಣ ಕೆಲಸ ಮಾಡಿದ. ಉತ್ತರ ಗೊತ್ತಿಲ್ಲದವರಿಂದ ಪ್ರಶ್ನೆ ಕೇಳಿಸಿದ. ಕುದುರೆಗೂ ಗೊತ್ತಾಗಲಿಲ್ಲ! ಅದು ಲೆಕ್ಕ ಮಾಡುತ್ತಲೇ ಇರಲಿಲ್ಲ. ಕೇಳಿದವನ ಮುಖ ನೋಡುತ್ತಿತ್ತು. ಸರಿಯಾದ ಸಂಖ್ಯೆ ಬಂದಾಗ ಅವನ ತಲೆ ಕೂದಲೆಳೆಯಷ್ಟು ಮೇಲೇಳುತ್ತಿತ್ತು, ಅಲ್ಲಿಗೆ ಕುಟ್ಟುವುದನ್ನು ನಿಲ್ಲಿಸುತ್ತಿತ್ತು.

ನೀರಿನ ಲೋಟದ ಪರೀಕ್ಷೆಗೂ ಹೀಗೇ ಒಂದು ಕತೆಯಿದೆ. ಅದನ್ನು ಕಂಡುಹಿಡಿದವರು ಸ್ವಿಟ್ಜರ್ಲೆಂಡಿನವರು. ಎಷ್ಟೋ ವರ್ಷ ಎಲ್ಲರೂ ಅದನ್ನು ಹಾಗೇ ನಂಬಿದ್ದರು. ಎಪ್ಪತ್ತರ ದಶಕದಲ್ಲಿ ಕೆಲವರಿಗೆ ಅನುಮಾನ ಬಂತು. ನಿನ್ನ ಥರದ ಅನುಮಾನದವರು ನಮ್ಮಲ್ಲಿಯೂ ಇದ್ದಾರೆ. ಅವರು ಮೊದಲನೇ ಪ್ರಶ್ನೆಯನ್ನು ಬಿಟ್ಟು, ನೀರು ಸುರಿದ ಮೇಲೆ ಒಂದೇ ಸಲ ಕೇಳಿದರು. ಮೊದಲು ತಪ್ಪು ಹೇಳುತ್ತಿದ್ದ ವಯಸ್ಸಿನ ಎಷ್ಟೋ ಮಕ್ಕಳು ಸರಿ ಹೇಳಿದರು. ಯಾಕೆ? ದೊಡ್ಡವರು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರೆ, ಮೊದಲು ಹೇಳಿದ್ದು ತಪ್ಪಿರಬೇಕು ಎಂದು ಮಗು ತಿಳಿಯುತ್ತದೆ. ಅದು ನೀರನ್ನು ನೋಡುವುದು ಬಿಟ್ಟು ನಮ್ಮ ಮುಖ ನೋಡುತ್ತದೆ.

ನಿನ್ನ ಮಗ ಮೊದಲ ಸಲ ಎಲ್ಲವನ್ನೂ ಸರಿ ಹೇಳಿದ್ದಾನೆ. ಎರಡನೇ ಸಲ ಎಲ್ಲವನ್ನೂ ಬದಲಾಯಿಸಿದ್ದಾನೆ. ನಾಯಿಯನ್ನು ನರಿ ಮಾಡುವಷ್ಟು! ಇದು ಬೇರೆ ಮಕ್ಕಳಲ್ಲಿ ಕಾಣುವುದಕ್ಕಿಂತ ಜಾಸ್ತಿ. ಆ ಹೆಂಗಸು ಮೋಸ ಮಾಡಿರಲಿಕ್ಕಿಲ್ಲ, ಖಚಿತ ಮಾಡಿಕೊಳ್ಳಲು ಎರಡೆರಡು ಸಲ ಕೇಳಿದ್ದಾಳೆ ಅಷ್ಟೇ.

ಒಂದು ಮಾತು ಕೇಳುತ್ತೇನೆ, ಕೋಪ ಮಾಡಬೇಡ. ಮನೆಯಲ್ಲಿ ಅವನನ್ನು ನೀವು ಒಂದೇ ಪ್ರಶ್ನೆಯನ್ನು ಎರಡನೇ ಸಲ ಕೇಳುವುದು ಉಂಟಾ? ಕೇಳಿದಾಗ ಏನಾಗುತ್ತದೆ?

ಜೋಯ್ಲಿನ್


ಅಲ್ ಮುರಕ್ಕಬಾತ್
16 ಫೆಬ್ರವರಿ 2025

ಜೋಯ್ಲಿನ್,

ಕೊನೆಗೂ ಬಂದೆ ನೋಡು ಎಲ್ಲಿಗೆ ಬರಬೇಕೋ ಅಲ್ಲಿಗೆ. ತಪ್ಪು ಶಾಲೆಯದಲ್ಲ, ಡೆಲ್ಫಿನ್‌ಳದಲ್ಲ, ಪರೀಕ್ಷೆ ಮಾಡಿದವಳದೂ ಅಲ್ಲ. ತಾಯಿಯದು. ನಿಮ್ಮ ಶಾಸ್ತ್ರಕ್ಕೆ ಯಾವಾಗಲೂ ಕೊನೆಗೆ ಸಿಗುವವಳು ತಾಯಿ ಒಬ್ಬಳೇ.

ಮೈಸೂರಿನ ಪ್ರಾಕ್ಟಿಕಲ್ ನಿನಗೆ ಮರೆತಿರಲಾರದು. ನೀನು ಸ್ಟಾಪ್‌ವಾಚ್ ಹಿಡಿದು ಒಂದೊಂದೇ ಪದ ಹೇಳುತ್ತಿದ್ದೆ, ನಾನು ಮನಸ್ಸಿಗೆ ಬಂದ ಪದ ಹೇಳಬೇಕಿತ್ತು. "ಅಪ್ಪ" ಎಂದಾಗ ನಾನು ತಡವರಿಸಿದೆ. ಅದನ್ನು ನೀನು ಸೆಮಿನಾರಿನಲ್ಲಿ ಗ್ರಾಫ್ ಹಾಕಿ ತೋರಿಸಿದೆ. "ಎಚ್. ಎಂಬ ವ್ಯಕ್ತಿಗೆ ಇಲ್ಲಿ ಏನೋ ಅಡಗಿದೆ" ಎಂದೆ. ಇಡೀ ಕ್ಲಾಸಿಗೆ ಎಚ್. ಯಾರೆಂದು ಗೊತ್ತಿತ್ತು. ಅಪ್ಪ ಇನ್ನೊಂದು ಮನೆ ಮಾಡಿದ್ದಾರೆಂದು ಆ ತಿಂಗಳೇ ನಮಗೆ ತಿಳಿದದ್ದು. ಅದು ನಿನಗೊಬ್ಬಳಿಗೇ ಹೇಳಿದ್ದೆ.

ಹೌದು, ನಾನು ಎರಡು ಸಲ ಕೇಳುತ್ತೇನೆ. ನಮ್ಮಮ್ಮನಿಂದ ಕಲಿತದ್ದು. ಅಪ್ಪ ಮನೆಗೆ ಬಂದಾಗ ಅಮ್ಮ "ಎಲ್ಲಿಗೆ ಹೋಗಿದ್ರಿ?" ಎನ್ನುತ್ತಿದ್ದಳು. "ಆಫೀಸು" ಎನ್ನುತ್ತಿದ್ದರು. ಸ್ವಲ್ಪ ಬಿಟ್ಟು, ಅನ್ನ ಬಡಿಸುತ್ತಾ, "ನಿಜ ಹೇಳಿ, ಎಲ್ಲಿಗೆ ಹೋಗಿದ್ರಿ?" ಎನ್ನುತ್ತಿದ್ದಳು. ಆಗ ನಿಜ ಬರುತ್ತಿತ್ತು. ನಮ್ಮ ಮನೆಯಲ್ಲಿ ಮೊದಲನೇ ಉತ್ತರ ಊರಿನವರಿಗೆ, ಎರಡನೇ ಉತ್ತರ ನಮಗೆ. ಹಾಗೆ ಕೇಳದಿದ್ದರೆ ನಾವು ಇನ್ನೂ ಮೋಸ ಹೋಗುತ್ತಲೇ ಇರುತ್ತಿದ್ದೆವು. ಒಂದೇ ಸಲ ಕೇಳಿ ನಂಬುವವರು ಜೀವನದಲ್ಲಿ ಏನೂ ಕಂಡಿಲ್ಲ ಎಂದೇ ನನ್ನ ಲೆಕ್ಕ.

ಕುದುರೆ ಕತೆಗೆ ಥ್ಯಾಂಕ್ಸ್. ನನ್ನ ಮಗ ಕುದುರೆಯಲ್ಲ. ಇನ್ನು ನೀನು ಬರೆಯುವುದು ಬೇಡ. ಖಲಾಸ್.

ಹಿತಾ


ಅಲ್ ಮುರಕ್ಕಬಾತ್
2 ಮಾರ್ಚ್ 2025

ಜೋಯ್ಲಿನ್,

ಬರೆಯಬೇಡ ಎಂದವಳೇ ಮತ್ತೆ ಬರೆಯುತ್ತಿದ್ದೇನೆ. ನೀನು ಮಾತಿಗೆ ಕಟ್ಟುಬಿದ್ದು ಎರಡು ವಾರ ಸುಮ್ಮನಿದ್ದೆ. ಅದೂ ಏನೋ ತಂತ್ರ ಇರಬಹುದೆಂದು ನನಗೆ ಅನ್ನಿಸಿತು. ನಿನ್ನನ್ನು ಸುಳ್ಳು ಮಾಡಬೇಕೆಂದು ನಾನೇ ಮನೆಯಲ್ಲಿ ಪರೀಕ್ಷೆ ಮಾಡಿದೆ.

ಮೊನ್ನೆ ಶುಕ್ರವಾರ ಅಮೋಘ ಸಿಂಕಿನ ಮುಂದೆ ನಿಂತು ಸೋಪು ಹಚ್ಚಿ ಕೈ ತೊಳೆಯುವುದನ್ನು ಕಣ್ಣಾರೆ ನೋಡಿದೆ. ಊಟಕ್ಕೆ ಕೂತಾಗ ಕೇಳಿದೆ.

"ಕೈ ತೊಳ್ದ್ಯಾ?"

"ಯೆಸ್ ಅಮ್ಮಾ."

"ನಿಜವಾಗ್ಲೂ ತೊಳ್ದ್ಯಾ?"

ಕತ್ತೆತ್ತಿ ನನ್ನ ಮುಖ ನೋಡಿದ. ಎಷ್ಟು ಹೊತ್ತು ನೋಡಿದ ಅಂದರೆ, ನನಗೇ ಹೇಗೋ ಆಯಿತು. "ನೋ" ಅಂದ. ಎದ್ದು ಹೋಗಿ ಮತ್ತೆ ಕೈ ತೊಳೆದುಕೊಂಡು ಬಂದ.

ರಘು ಚಪಾತಿ ಹಿಡಿದುಕೊಂಡು ಹಾಗೇ ಕೂತಿದ್ದ. ನಾನು ನಿಲ್ಲಿಸಲಿಲ್ಲ. ಈ ದಿನ ಸ್ಕೂಲಿನಲ್ಲಿ ಚಿತ್ರ ಬರೆದ್ಯಾ ಎಂದೆ. ಬ್ಯಾಗಿನಲ್ಲಿ ಒಂಟೆಯ ಚಿತ್ರ ಇರುವುದು ನನಗೆ ಗೊತ್ತಿತ್ತು. ಮೊದಲು ಹೌದು ಅಂದ, ಮತ್ತೆ ಕೇಳಿದ್ದಕ್ಕೆ ಇಲ್ಲ ಅಂದ. ಕೊನೆಗೆ ಹುಚ್ಚು ಹಿಡಿದವಳ ಹಾಗೆ, "ನಿನ್ ಹೆಸ್ರೇನು?" ಎಂದು ಕೇಳಿದೆ. "ಅಮೋಘ" ಅಂತ ನಕ್ಕ, ಆಟ ಅಂದುಕೊಂಡ. "ನಿಜ ಹೇಳು, ನಿನ್ ಹೆಸ್ರೇನು?" ಎಂದೆ. ನಗು ನಿಂತಿತು. ತುಟಿ ಕಚ್ಚಿಕೊಂಡ. ಮೆಲ್ಲಗೆ ಹೇಳಿದ.

"ಯೂ ಟೆಲ್ ಮಿ, ಅಮ್ಮಾ."

ನಾನು ಅತ್ತುಬಿಟ್ಟೆ ಜೋಯ್ಲಿನ್. "ಸಾಕು ಮಾಡೇ ಹಿತಾ" ಎಂದು ರಘು ಮಗುವನ್ನು ಎತ್ತಿಕೊಂಡು ಬಾಲ್ಕನಿಗೆ ಹೋದ. ನಾನು ಇಷ್ಟು ವರ್ಷ ನಿಜ ಹೊರಗೆಳೆಯುತ್ತಿದ್ದೇನೆ ಅಂದುಕೊಂಡಿದ್ದೆ. ನನ್ನ ಮಗನಿಗೆ ನಿಜ ಎಂದರೆ ಅಮ್ಮನ ಮುಖ ಸಡಿಲವಾಗುವುದು, ಅಷ್ಟೇ.

ಈಗ ನನಗೊಂದು ಪತ್ರ ಬೇಕು. ಕ್ಲಿನಿಕ್ಕಿನ ಲೆಟರ್‌ಹೆಡ್ಡಿನಲ್ಲಿ, ಇಂಗ್ಲಿಷಿನಲ್ಲಿ. ಈ ಮಗು ಪ್ರಶ್ನೆ ಎರಡನೇ ಸಲ ಕೇಳಿದರೆ ಉತ್ತರ ಬದಲಾಯಿಸುತ್ತದೆ, ಆದ್ದರಿಂದ ಪರೀಕ್ಷೆಯನ್ನು ಬೇರೆಯವರಿಂದ, ಒಂದೊಂದೇ ಸಲ ಕೇಳಿ, ಮತ್ತೆ ಮಾಡಿಸಬೇಕು ಎಂದು. ರಂಜಾನ್ ಆದ್ದರಿಂದ ಶಾಲೆ ಬೇಗ ಬಿಡುತ್ತದೆ, ಆಫೀಸೂ ಬೇಗ ಮುಚ್ಚುತ್ತದೆ. ಮುಂದಿನ ಸೋಮವಾರದೊಳಗೆ ಸಿಕ್ಕರೆ ಅವನ ಸೀಟು ಉಳಿಯಬಹುದು.

ನೀನು ಏನು ಯೋಚಿಸುತ್ತಿದ್ದೀಯ ಎಂದು ನನಗೆ ಗೊತ್ತು. ತೋಳಿನ ಗುರುತಿನ ಬಗ್ಗೆ ಹೇಗೆ ಕೇಳಿದೆ ಎಂದು ಮೊದಲನೇ ಕಾಗದದಲ್ಲಿ ನಾನೇ ಬರೆದಿದ್ದೇನೆ. ನೀನು ಆಗಲೇ ಕಂಡುಕೊಂಡಿರುತ್ತೀಯ, ಬೇಕೆಂದೇ ಬಾಯಿ ಬಿಡಲಿಲ್ಲ. ಆದರೆ ಅದು ಬೇರೆ ವಿಷಯ. ಅವಳು ಚಿವುಟಿಲ್ಲ ಎಂದು ಯಾರಿಗೆ ಗೊತ್ತು? ಚಿವುಟಿರಲೂಬಹುದು. ದೂರು ವಾಪಸ್ ತೆಗೆದುಕೊಂಡರೆ ಸುಳ್ಳು ದೂರು ಕೊಟ್ಟವಳು ಎಂದು ನನ್ನನ್ನೇ ಹಿಡಿಯುತ್ತಾರೆ. ಆ ತಾಯಿಯ ಮಗನಿಗೆ ಯಾವ ಶಾಲೆ ಸೀಟು ಕೊಡುತ್ತದೆ? ನಿನ್ನ ಪತ್ರದಲ್ಲಿ ಡೆಲ್ಫಿನ್‌ಳ ಹೆಸರು ಬರಬಾರದು. ದಯವಿಟ್ಟು.

ಹಿತಾ


ಎಲೆಕ್ಟ್ರಾ ಸ್ಟ್ರೀಟ್
10 ಮಾರ್ಚ್ 2025

ಪ್ರೀತಿಯ ಹಿತಾ,

ಪತ್ರ ಇದರ ಜೊತೆ ಇಟ್ಟಿದ್ದೇನೆ. ಡೆಲ್ಫಿನ್ ಹೆಸರು ಇಲ್ಲ. ತಾಯಿ ನೋಡಿ ಹೇಳಿದ್ದು ಇದು, ಇದರ ಆಧಾರದ ಮೇಲೆ ಮರುಪರೀಕ್ಷೆ ಆಗಬೇಕು ಎಂದಷ್ಟೇ ಬರೆದಿದ್ದೇನೆ. ನನಗೆ ಗೊತ್ತಿರುವುದು ಅಷ್ಟೇ. ಇದಕ್ಕೆ ಬದಲಾಗಿ ನೀನು ಏನನ್ನೂ ಮಾಡಬೇಕಿಲ್ಲ. ಇದನ್ನು ಮೊದಲೇ ಹೇಳುತ್ತೇನೆ, ಇಲ್ಲದಿದ್ದರೆ ಅದರಲ್ಲೂ ಏನೋ ಹುಡುಕುತ್ತೀಯ.

ಹೌದು, ಮೊದಲನೇ ಕಾಗದದಲ್ಲೇ ನನಗೆ ಅನುಮಾನ ಬಂದಿತ್ತು. ಹೇಳಿದ್ದರೆ ನೀನು ಆವತ್ತೇ ಕಾಗದ ಹರಿದು ಹಾಕುತ್ತಿದ್ದೆ. ನಾನೂ ಲೆಕ್ಕ ಹಾಕಿಯೇ ಬರೆದೆ, ಅದು ನನಗೆ ಇಷ್ಟವಾದ ಕೆಲಸವಲ್ಲ. ಮೈಸೂರಿನ ಗ್ರಾಫಿನ ಬಗ್ಗೆ ನೀನು ಬರೆದದ್ದೆಲ್ಲ ಸರಿ. ನಾನು ಮಾಡಿದ್ದು ತಪ್ಪು.

ಈಗ ಶಾಸ್ತ್ರದ ಮಾತಲ್ಲ, ನನ್ನ ಮಾತು. ಎಂಬತ್ತು ತೊಂಬತ್ತರ ದಶಕದಲ್ಲಿ ಬೇರೆ ದೇಶಗಳಲ್ಲಿ ಮಕ್ಕಳನ್ನು ಕೂರಿಸಿ, ಆಗಿಲ್ಲ ಎಂದದ್ದನ್ನು ಆಗಿದೆ ಎನ್ನುವವರೆಗೆ ಕೇಳಿ ಕೇಳಿ, ಅವರನ್ನು ನೋಡಿಕೊಳ್ಳುತ್ತಿದ್ದವರನ್ನು ಜೈಲಿಗೆ ಕಳಿಸಿದ್ದುಂಟು. ಕೇಳಿದವರೆಲ್ಲ ಒಳ್ಳೆಯವರೇ, ಮಕ್ಕಳ ಮೇಲೆ ಪ್ರೀತಿ ಇದ್ದವರೇ. ಆಮೇಲೆ ನಮ್ಮವರು ಪ್ರಯೋಗ ಮಾಡಿ ಹಾಗೆ ಕೇಳಬಾರದೆಂದು ತೋರಿಸಿಕೊಟ್ಟರು. ಅಷ್ಟರಲ್ಲಿ ಜೈಲಿನಲ್ಲಿದ್ದವರ ವರ್ಷಗಳು ಹೋಗಿಯಾಗಿತ್ತು.

ನಿನ್ನ ಮಗನ ಎರಡನೇ ಉತ್ತರ ಲೋಟದ ವಿಷಯದಲ್ಲಿ ಸುಳ್ಳು, ಹಕ್ಕಿಯ ವಿಷಯದಲ್ಲಿ ಸುಳ್ಳು, ಅವನ ಹೆಸರಿನ ವಿಷಯದಲ್ಲೂ ನಂಬುವ ಹಾಗಿಲ್ಲ. ಡೆಲ್ಫಿನ್ ವಿಷಯದಲ್ಲಿ ಮಾತ್ರ ಅದು ನಿಜ ಎಂದು ನೀನು ಹೇಗೆ ಹೇಳುತ್ತೀ?

ಇನ್ನು ನಿನಗೆ ಬಿಟ್ಟದ್ದು.

ಜೋಯ್ಲಿನ್


ಅಲ್ ಮುರಕ್ಕಬಾತ್
23 ಮಾರ್ಚ್ 2025

ಜೋಯ್ಲಿನ್,

ಮರುಪರೀಕ್ಷೆ ಆಯಿತು. ಹೊರಗಿನಿಂದ ಒಬ್ಬರು ಬಂದು, ಒಂದೊಂದೇ ಸಲ ಕೇಳಿದರು. ಅಮೋಘ ಚೆನ್ನಾಗಿ ಮಾಡಿದ್ದಾನೆ. ಬುಧವಾರ ಪ್ರಿನ್ಸಿಪಾಲರು ಕರೆಸಿ, ಎರಡನೇ ಕ್ಲಾಸಿಗೆ ಇಲ್ಲೇ ಮುಂದುವರಿಯಲಿ ಎಂದರು. ನಾನು ಏಳುವುದರಲ್ಲಿದ್ದೆ. "ಯುವರ್ ಅದರ್ ಮ್ಯಾಟರ್ ಆಲ್ಸೋ, ಈ ವಾರ ಮುಗಿಯುತ್ತೆ. ಆ ಹುಡುಗಿಯ ವೀಸಾ ಕ್ಯಾನ್ಸಲ್ ಮಾಡ್ತಿದ್ದೇವೆ," ಎಂದರು.

ನಾನು "ಥ್ಯಾಂಕ್ಯೂ ಸರ್" ಎಂದೆ. ನಿಜ ಹೇಳುತ್ತೇನೆ, ಹಾಗೇ ಅಂದೆ. ಬಾಗಿಲವರೆಗೂ ಹೋದೆ. ವಾಪಸ್ ಬಂದು ಕೂತು ಎಲ್ಲ ಹೇಳಿದೆ. ಹೇಗೆ ಕೇಳಿದೆ, ಅವನು ಮೊದಲು ಏನಂದ, ನಾನು ಏನೆಂದು ಗದರಿಸಿ ಏನು ಹೇಳಿಸಿದೆ, ಎಲ್ಲ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ "ನೀವು ಇದನ್ನು ಬರೆದು ಕೊಡಬೇಕಾಗುತ್ತೆ" ಎಂದರು. ಬರೆದುಕೊಟ್ಟೆ. ಅಮೋಘನ ಸೀಟಿಗೆ ಇದರಿಂದ ತೊಂದರೆ ಇಲ್ಲ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಶುಕ್ರವಾರ ಶಾಲೆಯ ಆಫೀಸಿನಿಂದ ಫೋನ್ ಬಂತು. ಡೆಲ್ಫಿನ್‌ಳ ಮೇಲಿನ ಪ್ರಕರಣ ಮುಚ್ಚಿದ್ದಾರೆ, ನಾನು ಬರೆದುಕೊಟ್ಟದ್ದನ್ನು ತಿಳಿಸಿ, ವಾಪಸ್ ಕೆಲಸಕ್ಕೆ ಬಾ ಎಂದು ಅವಳಿಗೆ ಹೇಳಿದ್ದಾರೆ. ನನ್ನ ಬಗ್ಗೆ ಇನ್ನೂ ಏನೂ ಹೇಳಿಲ್ಲ.

ಅವಳ ಮನೆ ಎಲ್ಲಿ ಎಂದು ಕೇಳಿದೆ. ನಮ್ಮ ಬಿಲ್ಡಿಂಗಿನ ಹಿಂದಿನ ಬೀದಿ, ಜೋಯ್ಲಿನ್. ನಾನು ದಿನಾ ಹಾಲು ತರುವ ಅಂಗಡಿಯ ಮೇಲಿನ ಫ್ಲಾಟು. ಸಂಜೆ ಹೋದೆ. ಜೋಡಿಸಿಟ್ಟ ಮಂಚಗಳು, ನಡುವೆ ಪರದೆ ಕಟ್ಟಿದ್ದರು. ಡೆಲ್ಫಿನ್ ನಾನು ಅಂದುಕೊಂಡದ್ದಕ್ಕಿಂತ ತುಂಬಾ ಚಿಕ್ಕವಳು. ಅವಳನ್ನು ನಾನು ಸರಿಯಾಗಿ ನೋಡಿದ್ದೇ ಆಗ. ಸೂಟ್‌ಕೇಸು ತೆರೆದಿತ್ತು.

"ಬನ್ನಿ ಮೇಡಂ, ಕೂತ್ಕೊಳ್ಳಿ," ಎಂದು ಮಂಚದ ಮೇಲಿನ ಬಟ್ಟೆ ಸರಿಸಿದಳು. ನನ್ನನ್ನು ಕಂಡು ಬಾಗಿಲು ಹಾಕಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಹಾಕಿಕೊಂಡಿದ್ದರೆ ಚೆನ್ನಾಗಿತ್ತು.

ತಪ್ಪಾಯಿತು ಎಂದೆ. ಶಾಲೆಯವರು ಕರೆದಿದ್ದಾರಲ್ಲ, ದಯವಿಟ್ಟು ಹೋಗು ಎಂದೆ.

"ಇಲ್ಲ ಮೇಡಂ. ಊರಿಗೆ ಹೋಗ್ತೇನೆ. ಇನ್ನು ಮಕ್ಕಳ ಕೈ ಹಿಡಿಲಿಕ್ಕೇ ಹೆದರಿಕೆ ಆಗ್ತದೆ. ಬಸ್ಸಿಂದ ಇಳಿಸುವಾಗ ಎಲ್ಲಿ ಹಿಡಿಯುವುದು ಅಂತ ಯೋಚನೆ ಮಾಡುವವಳು ಆ ಕೆಲಸಕ್ಕೆ ಆಗುದಿಲ್ಲ ಅಲ್ವಾ?"

ಅವಳ ದನಿಯಲ್ಲಿ ಕೋಪ ಇರಲಿಲ್ಲ. ಬಟ್ಟೆ ಮಡಿಸುತ್ತಲೇ ಮಾತಾಡುತ್ತಿದ್ದಳು. ಅಮೋಘ ಬಾಬ ಟಿಫಿನ್ನಿನಲ್ಲಿ ಕ್ಯಾರೆಟ್ ಬಿಡುತ್ತಾನೆ, ಸಣ್ಣಗೆ ಹೆಚ್ಚಿ ಕಳಿಸಿ ಎಂದಳು. ನಾನು ಎದ್ದೆ. ಆಗ ಅವಳು ಮಡಿಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು.

"ಬಾಬನತ್ರ ಎರಡೆರಡು ಸಲ ಕೇಳಿದ್ರಂತೆ ಮೇಡಂ. ನನ್ನತ್ರ ಒಂದು ಸಲ ಕೇಳ್ಬಹುದಿತ್ತಲ್ಲ?"

ಹಿತಾ